ಮನೆಗೊಂದು ಶೌಚಾಲಯ: ಕಟ್ಟುವುದು ಮತ್ತು ಬಳಸುವುದು

(ಕನ್ನಡ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಅತಿಥಿ ಉಪನ್ಯಾಸದ ಪಾಠ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಿಮ್ಮ ಕಾರ್ಯದರ್ಶಿಗಳು ದೂರವಾಣಿಯಲ್ಲಿ ನಮ್ಮ ಉಪನ್ಯಾಸದ ವಿಷಯವೇನೆಂದು ಕೇಳಿದಾಗ, ನಾವು 'ಶೌಚಾಲಯ' ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರು ಮೆಲ್ಲಗೆ, "ಡಾಕ್ಟ್ರೇ, ನಿಮ್ಮ ಭಾಷಣ ಆದ ಕೂಡಲೇ ಊಟ ಇಟ್ಟುಕೊಂಡಿದ್ದೇವೆ" ಎಂದರು. ಅವರ ಸಂಕೋಚ ನಮಗೆ ಅರ್ಥವಾಗದೆ ಇಲ್ಲ. ಆದರೆ ಊಟಕ್ಕೂ ಈ ವಿಷಯಕ್ಕೂ ಇರುವ ಸಂಬಂಧ ವೈದ್ಯರಿಗೆ ಚೆನ್ನಾಗಿ ಗೊತ್ತು. ಅದನ್ನು ಹೇಳುವುದಕ್ಕಾಗಿಯೇ ತಮ್ಮ ಮುಂದೆ ನಿಂತಿದ್ದೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಈ ಸಭೆಯಲ್ಲಿರುವ ಅನೇಕ ಕುಟುಂಬಗಳು ಹುಟ್ಟಿದೂರಿನ ಋಣ ತೀರಿಸಬೇಕೆಂಬ ಹಂಬಲದಿಂದ ಶಾಲೆಗೆ ಕೊಠಡಿ, ದೇವಸ್ಥಾನಕ್ಕೆ ಗೋಪುರ, ಬಡವರ ಮನೆಗೆ ಶೌಚಾಲಯ ಕಟ್ಟಿಸಲು ಹಣ ಕಳುಹಿಸುತ್ತಿವೆ. ನಾವೂ ಹಾಗೆ ಕಳುಹಿಸಿದವರೇ. ಹಾಗೆ ಮಾಡಿ ಒಂದು ಪಾಠ ಕಲಿತೆವು. ಆ ಪಾಠವನ್ನು ತಮ್ಮೊಡನೆ ಹಂಚಿಕೊಳ್ಳುವುದೇ ಇಂದಿನ ಉದ್ದೇಶ.

ಮೊದಲು ವೈದ್ಯಶಾಸ್ತ್ರದ ಎರಡು ಮಾತು. 1990ರ ದಶಕದ ಆರಂಭದಲ್ಲಿ ನಾವು ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಬೇಕಾಗಿತ್ತು. ಮಳೆಗಾಲ ಹಿಡಿಯಿತೆಂದರೆ ವಾಂತಿಭೇದಿಯ ಮಕ್ಕಳು ಸಾಲುಸಾಲಾಗಿ ಬರುತ್ತಿದ್ದರು. ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೆಯೇ ನಿಲ್ಲುತ್ತಿತ್ತು. ರಾತ್ರಿಯೆಲ್ಲ ಡ್ರಿಪ್ ಹಾಕಿ, ಚಮಚದಲ್ಲಿ ಉಪ್ಪುಸಕ್ಕರೆಯ ನೀರು ಕುಡಿಸಿದರೆ ಬೆಳಗಿನ ಹೊತ್ತಿಗೆ ಮಗು ಕಣ್ಣು ಬಿಡುತ್ತಿತ್ತು. ತಾಯಿ ಕೈಮುಗಿಯುತ್ತಿದ್ದಳು, ನಮಗೆ ಯುದ್ಧ ಗೆದ್ದಷ್ಟು ಹೆಮ್ಮೆ. ಒಂದು ಮಗುವನ್ನು ನಾವು ಇಂದಿಗೂ ಮರೆತಿಲ್ಲ. ಗುಣವಾಗಿ ಮನೆಗೆ ಹೋಗಿ ಮೂರೇ ವಾರಕ್ಕೆ ಅದೇ ಸ್ಥಿತಿಯಲ್ಲಿ ಮರಳಿ ಬಂತು. ಆ ಸಲ ಉಳಿಯಲಿಲ್ಲ. ವಾರ್ಡಿನ ವಯಸ್ಸಾದ ಸಿಸ್ಟರ್ ಒಬ್ಬರು, "ಇಲ್ಲಿ ವಾಸಿ ಮಾಡಿ ಅಲ್ಲಿಗೇ ಕಳಿಸ್ತೀವಲ್ಲ ಡಾಕ್ಟ್ರೇ" ಎಂದರು. 'ಅಲ್ಲಿ' ಎಂದರೆ ಎಲ್ಲಿ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಿದ್ದವು; ನಾವು ಪರೀಕ್ಷೆಗೆಂದು ಓದಿ ಮರೆತಿದ್ದೆವು.

ಒಬ್ಬರ ಮಲದಲ್ಲಿರುವ ರೋಗಾಣು ಇನ್ನೊಬ್ಬರ ಬಾಯಿಗೆ ಸೇರುವ ದಾರಿಗಳನ್ನು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಗ್ರಂಥವೊಂದರಲ್ಲಿ ವ್ಯಾಗ್ನರ್ ಮತ್ತು ಲನ್ವಾ ಎಂಬವರು ಸರಳ ಚಿತ್ರವಾಗಿ ಬರೆದು ತೋರಿಸಿದರು. ಬೆರಳು, ನೊಣ, ನೆಲ, ನೀರು ಇವುಗಳ ಮೂಲಕ ಅದು ಅನ್ನವನ್ನು ಸೇರುತ್ತದೆ. ಅನ್ನದ ಮೂಲಕ ನಮ್ಮನ್ನು. ಕಾಲರಾ, ವಿಷಮಶೀತಜ್ವರ, ಆಮಶಂಕೆ, ಒಂದು ಬಗೆಯ ಕಾಮಾಲೆ, ಪೋಲಿಯೊ, ಜಂತುಹುಳು ಎಲ್ಲವೂ ಈ ದಾರಿಯ ಪಯಣಿಗರೇ. ಕೊಕ್ಕೆಹುಳು ಮಾತ್ರ ಬಾಯಿಯವರೆಗೂ ಕಾಯುವುದಿಲ್ಲ. ಮಲ ಬಿದ್ದ ಒದ್ದೆಮಣ್ಣಿನಲ್ಲಿ ಮರಿಯಾಗಿ ಕಾದಿದ್ದು, ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇನ್ನು ಹೆಂಗಸರ ಪಾಡು ಬೇರೆ. ಕತ್ತಲಾಗುವವರೆಗೆ ಹೊರಗೆ ಹೋಗುವಂತಿಲ್ಲವೆಂದು ಹಗಲೆಲ್ಲ ನೀರು ಕುಡಿಯದೆ ಇರುವ ತಾಯಂದಿರ ಮೂತ್ರಕೋಶದ ಸೋಂಕಿಗೆ ನಾವು ಎಷ್ಟು ಮಾತ್ರೆ ಬರೆದುಕೊಟ್ಟರೇನು?

ಇದು ಭಾರತದ ಅಥವಾ ಬಡದೇಶಗಳ ಜನ್ಮಕ್ಕಂಟಿದ ಶಾಪವೆಂದು ಯಾರೂ ಭಾವಿಸಬೇಕಾಗಿಲ್ಲ. ನಾವೀಗ ವಾಸಿಸುತ್ತಿರುವ ಈ ಅಮೆರಿಕ ದೇಶದ ಕಥೆಯನ್ನೇ ನೋಡಿ. ನೂರು ವರ್ಷಗಳ ಹಿಂದೆ ಇಲ್ಲಿನ ದಕ್ಷಿಣದ ರಾಜ್ಯಗಳ ಹಳ್ಳಿಗರನ್ನು 'ಸೋಮಾರಿಗಳು' ಎಂದು ಉತ್ತರದವರು ಹಳಿಯುತ್ತಿದ್ದರು. ಆ ಸೋಮಾರಿತನದ ಹಿಂದೆ ಕೊಕ್ಕೆಹುಳು ತಂದ ರಕ್ತಹೀನತೆಯಿದೆ ಎಂದು ತೋರಿಸಿದವರು ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ. 1909ರಲ್ಲಿ ಜಾನ್ ಡಿ. ರಾಕ್‌ಫೆಲರ್ ಅವರು 10 ಲಕ್ಷ ಡಾಲರ್ ನೀಡಿ ಅದಕ್ಕಾಗಿ ಒಂದು ಆಯೋಗವನ್ನೇ ಸ್ಥಾಪಿಸಿದರು. ಪರೀಕ್ಷಿಸಿದ ಶಾಲಾಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಯ ಹೊಟ್ಟೆಯಲ್ಲಿ ಈ ಹುಳು ಇತ್ತು. ಔಷಧಿ ಕೊಟ್ಟರು, ಹುಳು ಬಿದ್ದುಹೋಯಿತು. ಮತ್ತೆ ಬರಿಗಾಲಲ್ಲಿ ಅದೇ ಮಣ್ಣು ತುಳಿದವರಿಗೆ ಮತ್ತೆ ಬಂತು. ಔಷಧಿಯೊಂದೇ ಸಾಲದು, ಶೌಚಗುಂಡಿ ಬೇಕು ಎಂಬುದು ಅಲ್ಲಿ ಮನದಟ್ಟಾಯಿತು. ಮುಂದೆ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಸರ್ಕಾರವು ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು ಹಳ್ಳಿಹಳ್ಳಿಯಲ್ಲಿ 20 ಲಕ್ಷಕ್ಕೂ ಮಿಕ್ಕಿ ಹಿತ್ತಿಲ ಶೌಚಾಲಯಗಳನ್ನು ಕಟ್ಟಿಸಿತು. ನಮ್ಮ ಮಕ್ಕಳ ಸಹಪಾಠಿಗಳ ಮುತ್ತಜ್ಜಂದಿರು ಬಯಲಿಗೆ ಹೋದವರೇ. ಆದ್ದರಿಂದ ನಾವು ನಾಚಿಕೆಪಟ್ಟುಕೊಳ್ಳಬೇಕಾದುದು ಬಯಲಿಗೆ ಹೋದುದಕ್ಕಲ್ಲ. ಆ ಕುರಿತು ಮಾತನಾಡದೆ ಇರುವುದಕ್ಕೆ.

ಈಗ ನಮ್ಮ ಊರಿಗೆ ಬರೋಣ. ತಿಪಟೂರಿನ ಕಡೆಯ ತೆಂಗಿನ ಸೀಮೆಯ ಹಳ್ಳಿ ಅದು. 2006ರಲ್ಲಿ ನಮ್ಮ ತಂದೆಯವರ ನೆನಪಿಗಾಗಿ ಅಣ್ಣತಮ್ಮಂದಿರು ಸೇರಿ ಹನ್ನೆರಡು ಮನೆಗಳಿಗೆ ಶೌಚಾಲಯ ಕಟ್ಟಿಸಲು ಹಣ ಕಳುಹಿಸಿದೆವು. ಗುತ್ತಿಗೆದಾರರು ಇಟ್ಟಿಗೆ ಗೋಡೆ, ಸಿಮೆಂಟಿನ ನೆಲ, ಹಸಿರು ಬಣ್ಣದ ಬಾಗಿಲು, ಹಿಂದೆ ಒಂದು ಆಳವಾದ ಗುಂಡಿ ಮಾಡಿಸಿ ಚಿತ್ರ ತೆಗೆದು ಕಳುಹಿಸಿದರು. ಪ್ರತಿ ಗೋಡೆಯ ಮೇಲೂ ತಂದೆಯವರ ಹೆಸರಿನ ಕಲ್ಲು. ಚಿತ್ರ ನೋಡಿ ಕಣ್ಣು ತುಂಬಿ ಬಂತು.

ಎರಡು ವರ್ಷ ಕಳೆದು ಊರಿಗೆ ಹೋದೆವು. ಒಂದು ಶೌಚಾಲಯದ ತುಂಬ ತೆಂಗಿನ ಮಟ್ಟೆ ಒಟ್ಟಿತ್ತು. ಇನ್ನೊಂದರಲ್ಲಿ ಹಿಂಡಿಯ ಮೂಟೆ, ನೇಗಿಲ ಸಾಮಾನು. ಮತ್ತೊಂದಕ್ಕೆ ಬೀಗ. ಆ ಮನೆಯ ಯಜಮಾನರು ಬಹಳ ಗೌರವದಿಂದ, "ನೀವು ಅಮೆರಿಕದಿಂದ ಬಂದಾಗ ಬೇಕಾಗ್ತದಲ್ಲ ಸ್ವಾಮಿ, ಚೊಕ್ಕಟವಾಗಿರ್ಲಿ ಅಂತ ಯಾರನ್ನೂ ಬಿಟ್ಟಿಲ್ಲ" ಎಂದರು. ಹನ್ನೆರಡರಲ್ಲಿ ಮನೆಮಂದಿಯೆಲ್ಲ ಬಳಸುತ್ತಿದ್ದುದು ಎರಡು ಮಾತ್ರ. ಬೆಳಗಿನ ಜಾವ ಊರಿನ ಗಂಡಸರು ಹಿಂದಿನಂತೆಯೇ ಚೊಂಬು ಹಿಡಿದು ಕೆರೆಯ ಕಡೆ ಹೋಗುತ್ತಿದ್ದರು.

ನಮಗೆ ಕೋಪವೇ ಬಂತು. ತಿಳಿವಳಿಕೆಯಿಲ್ಲದ ಜನ ಎಂದುಕೊಂಡೆವು. ಆ ಸಂಜೆ ನಮ್ಮ ಚಿಕ್ಕಮ್ಮನವರೊಡನೆ ಜಗಲಿಯ ಮೇಲೆ ಕುಳಿತಿದ್ದಾಗ, "ನೀವಾದರೂ ಯಾಕೆ ಬಳಸುವುದಿಲ್ಲ ಚಿಕ್ಕಮ್ಮ?" ಎಂದು ಕೇಳಿದೆವು. ಅವರು, "ಚೆನ್ನಾಗಿ ಕಟ್ಟಿಸಿದ್ದೀಯ ಕಣಪ್ಪ. ಕಾಯಿಲೆ ಮಲಗಿದಾಗ ಬೇಕಾಗ್ತದೆ ಅಂತ ಉಳಿಸಿಟ್ಟಿದ್ದೀನಿ. ದಿನಾ ಮನೆಮಂದಿಯೆಲ್ಲ ಹೋದರೆ ಗುಂಡಿ ತುಂಬಲ್ವೇ? ತುಂಬಿದ ಮೇಲೆ ತೆಗೆಯೋರು ಯಾರು?" ಎಂದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಹನೀಯರೇ, ಇಂದಿನ ನಮ್ಮ ಉಪನ್ಯಾಸವೆಲ್ಲ ಚಿಕ್ಕಮ್ಮನವರ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಅದು ನಮ್ಮ ಊರೊಂದರ ಪ್ರಶ್ನೆಯಲ್ಲ ಎಂಬುದು ಆಮೇಲೆ ತಿಳಿಯಿತು. 2014ರಲ್ಲಿ ಡಯೇನ್ ಕಾಫಿ, ಡೀನ್ ಸ್ಪಿಯರ್ಸ್ ಮತ್ತು ಸಂಗಡಿಗರು ಉತ್ತರ ಭಾರತದ ಐದು ರಾಜ್ಯಗಳ ಹಳ್ಳಿಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸಮೀಕ್ಷಿಸಿದರು. ಸುಸ್ಥಿತಿಯಲ್ಲಿದ್ದ ಶೌಚಾಲಯವುಳ್ಳ ಮನೆಗಳಲ್ಲಿಯೂ ನೂರಕ್ಕೆ 40ಕ್ಕಿಂತ ಹೆಚ್ಚು ಮನೆಗಳ ಒಬ್ಬರಾದರೂ ಬಯಲಿಗೇ ಹೋಗುತ್ತಿದ್ದರು. ಬಡತನ, ನೀರಿನ ಅಭಾವ, ಅನಕ್ಷರತೆ ಎಂದು ನಾವು ಸಾಮಾನ್ಯವಾಗಿ ಕೊಡುವ ಕಾರಣಗಳು ಇದನ್ನು ಪೂರ್ತಿಯಾಗಿ ವಿವರಿಸವು. ಪಕ್ಕದ ಬಾಂಗ್ಲಾದೇಶವನ್ನೇ ನೋಡಿ. ಬಹುಕಾಲ ನಮಗಿಂತ ಬಡದೇಶವಾಗಿದ್ದ ಅಲ್ಲಿನ ಹಳ್ಳಿಗರು ಒಂದು ಸಣ್ಣ ಗುಂಡಿ, ಕಾಂಕ್ರೀಟಿನ ಒಂದೆರಡು ಬಳೆ, ತಗಡಿನ ಅಥವಾ ಬಿದಿರಿನ ಮರೆ ಇಷ್ಟರಲ್ಲೇ ಬಯಲುಶೌಚವನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದರು. 1999-2000ದಲ್ಲಿ ಅಲ್ಲಿನ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಕಮಲ್ ಕರ್ ಎಂಬವರು ಒಂದು ಹೊಸ ಬಗೆಯ ಪ್ರಯೋಗ ಮಾಡಿದರು. ಸಹಾಯಧನ ಕೊಡಲಿಲ್ಲ, ಉಪದೇಶ ಮಾಡಲಿಲ್ಲ. ಊರಿನವರೇ ತಮ್ಮ ಊರಿನ ನಕ್ಷೆ ಬರೆದು, ಯಾರು ಎಲ್ಲಿಗೆ ಹೋಗುತ್ತಾರೆಂದು ಗುರುತು ಹಾಕಿ, ಅದು ಹೇಗೆ ತಮ್ಮ ತಟ್ಟೆಗೇ ಮರಳಿ ಬರುತ್ತಿದೆ ಎಂಬುದನ್ನು ತಾವೇ ಕಂಡುಕೊಳ್ಳುವಂತೆ ಮಾಡಿದರು. ಆ ವಿಧಾನ ಮುಂದೆ ಏಷ್ಯ, ಆಫ್ರಿಕಗಳ ಹಲವು ದೇಶಗಳಿಗೆ ಹರಡಿತು.

ಹಾಗಾದರೆ ನಮ್ಮಲ್ಲಿ ಸಣ್ಣ ಗುಂಡಿಗೆ ಜನ ಏಕೆ ಒಪ್ಪುವುದಿಲ್ಲ? ಸಣ್ಣ ಗುಂಡಿ ಬೇಗ ತುಂಬುತ್ತದೆ. ತುಂಬಿದ್ದನ್ನು ತೆಗೆಯುವುದು 'ನಮ್ಮ' ಕೆಲಸವಲ್ಲ. ಹಿಂದೆ ಆ ಕೆಲಸವನ್ನು ಯಾರ ತಲೆಗೆ ಕಟ್ಟಿದ್ದೆವೋ ಅವರ ಮಕ್ಕಳು ಈಗ ಮಾಡಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದ್ದರಿಂದ ಜನ ಕಟ್ಟಿದರೆ ಹತ್ತು ಹನ್ನೆರಡು ಅಡಿಯ ಗುಂಡಿ ಕಟ್ಟುತ್ತಾರೆ, ಇಲ್ಲವಾದರೆ ಕಟ್ಟುವುದೇ ಇಲ್ಲ. ಕಟ್ಟಿದ್ದನ್ನೂ ತುಂಬೀತೆಂಬ ಭಯದಿಂದ ಮುದುಕರಿಗೆ, ಬಸುರಿಯರಿಗೆ, ನೆಂಟರಿಗೆ ಎಂದು ಮೀಸಲಿಡುತ್ತಾರೆ. ಕಾಫಿ ಮತ್ತು ಸ್ಪಿಯರ್ಸ್ ತಮ್ಮ ಅಧ್ಯಯನದಲ್ಲಿ ಕಂಡದ್ದು ಇದನ್ನೇ: ಗುಂಡಿಯ ಭಯದ ಹಿಂದೆ ಮಡಿಮೈಲಿಗೆಯ, ಜಾತಿಯ ನೆರಳಿದೆ.

ಇಲ್ಲಿ ನಾವು ನಮ್ಮ ಮನೆಯ ಮಾತನ್ನೇ ಹೇಳಬೇಕು. ನಮ್ಮ ತಾಯಿಯ ತವರು ಒಂದು ತಾಲ್ಲೂಕು ಪಟ್ಟಣ. 1970ರ ದಶಕದ ಕೊನೆಯಲ್ಲಿ ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗ, ಹಿತ್ತಿಲ ಕೊನೆಯಲ್ಲಿ ಎರಡು ಕಲ್ಲು, ಕೆಳಗೊಂದು ಡಬ್ಬ ಇದ್ದ ಕಕ್ಕಸು ಇತ್ತು. ಪ್ರತಿದಿನ ಬೆಳಗ್ಗೆ ಹಿಂದಿನ ಓಣಿಯಿಂದ ಒಬ್ಬ ಹೆಂಗಸು ಬಂದು ಸಣ್ಣ ಬಾಗಿಲು ಸರಿಸಿ ಡಬ್ಬವನ್ನು ಒಯ್ಯುತ್ತಿದ್ದಳು. ಹಬ್ಬದ ದಿನ ಅಜ್ಜಿ ಅವಳ ಸೆರಗಿಗೆ ಮೇಲಿನಿಂದ ಹೋಳಿಗೆ ಹಾಕುತ್ತಿದ್ದರು. ಅವಳ ಹೆಸರು ನಮಗಾರಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗಾಗಲೇ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದರು. ನಮ್ಮ ಅಜ್ಜಿಯ ಓಣಿಯಲ್ಲಿ ಅದು ತಲೆಯಿಂದ ಕೈಗಾಡಿಗೆ ಇಳಿದಿತ್ತು. ಅವಳ ಕೈಯಿಂದ ಇಳಿದಿರಲಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಇಂಥದೇ ಕೆಲಸ ಮಾಡುತ್ತಿದ್ದ ತಂದೆತಾಯಿಗಳಿಗೆ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಪದ್ಧತಿಯ ವಿರುದ್ಧ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾನೂನು ಬಂದವು. ಒಳಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಆದ್ದರಿಂದ ಶೌಚಾಲಯ ಕಟ್ಟಿಸುವವರು ಗುಂಡಿಯ ಪ್ರಶ್ನೆಯನ್ನು ಬಗೆಹರಿಸದೆ ಹೋದರೆ, ಒಂದೋ ಆ ಕೋಣೆ ಉಗ್ರಾಣವಾಗುತ್ತದೆ, ಇಲ್ಲವೇ ಅದು ಮತ್ತೊಬ್ಬ ಬಡವನನ್ನು ಗುಂಡಿಗೆ ಇಳಿಸುತ್ತದೆ.

ಉತ್ತರ ಇಲ್ಲದೆ ಇಲ್ಲ. ಅದು ಜೋಡಿಗುಂಡಿಯ ಶೌಚಾಲಯ. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕ್ ಅವರು ಇದನ್ನು ದೇಶದಲ್ಲೆಲ್ಲ ಪ್ರಚಾರಕ್ಕೆ ತಂದರು. ಇದರ ಕ್ರಮ ಬಹಳ ಸರಳ. ಹೆಚ್ಚು ಇಳಿಜಾರಿನ ಪಿಂಗಾಣಿ ಬಟ್ಟಲು. ಎರಡು ಲೀಟರಿನಷ್ಟು ನೀರು ಸುರಿದರೆ ಸಾಕು. ಬಟ್ಟಲಿನ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರು ವಾಸನೆಯನ್ನೂ ನೊಣವನ್ನೂ ತಡೆಯುತ್ತದೆ. ಹಿಂದೆ ಸುಮಾರು ಒಂದು ಮೀಟರ್ ಅಗಲದ ಎರಡು ಗುಂಡಿ. ಗೋಡೆಯ ಇಟ್ಟಿಗೆಗಳ ನಡುವೆ ಜೇನುಗೂಡಿನಂತೆ ಕಿಂಡಿ ಬಿಟ್ಟಿರುವುದರಿಂದ ನೀರು ಮಣ್ಣಿಗೆ ಇಂಗಿಹೋಗುತ್ತದೆ. ಒಮ್ಮೆಗೆ ಒಂದೇ ಗುಂಡಿಯ ಬಳಕೆ. ಐದಾರು ಜನರ ಸಂಸಾರಕ್ಕೆ ಅದು ತುಂಬಲು ಮೂರು ವರ್ಷದ ಆಸುಪಾಸು ಬೇಕು. ತುಂಬಿದಾಗ ದಾರಿ ಕವಲೊಡೆಯುವಲ್ಲಿ ಒಂದಕ್ಕೆ ಬಿರಡೆ ಹಾಕಿ ಇನ್ನೊಂದನ್ನು ತೆರೆಯಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿನದು ವಾಸನೆಯಿಲ್ಲದ ಪುಡಿಗೊಬ್ಬರವಾಗುತ್ತದೆ. ರೋಗಾಣುಗಳೂ ಹುಳುವಿನ ಮೊಟ್ಟೆಗಳೂ ಅಷ್ಟರಲ್ಲಿ ಬಹುಮಟ್ಟಿಗೆ ಸತ್ತಿರುತ್ತವೆ. ತಿಪ್ಪೆಯ ಗೊಬ್ಬರ ತೆಗೆಯುವ ರೈತ ಇದನ್ನೂ ತಾನೇ ತೆಗೆಯಬಹುದು. ಕುಡಿಯುವ ನೀರಿನ ಬಾವಿಯಿಂದ ಗುಂಡಿ ದೂರವಿರಬೇಕು. ಅಂತರ್ಜಲ ತೀರ ಮೇಲಿರುವಲ್ಲಿ, ಬರಿಯ ಬಂಡೆಯಿರುವಲ್ಲಿ ಬೇರೆ ವ್ಯವಸ್ಥೆ ಬೇಕು. ಒಂದು ಎಚ್ಚರಿಕೆ: ಎರಡೂ ಗುಂಡಿಗೆ ಏಕಕಾಲದಲ್ಲಿ ನೀರು ಬಿಟ್ಟರೆ ಉದ್ದೇಶವೇ ಕೆಟ್ಟಿತು. ಎಷ್ಟೋ ಕಡೆ ಗಾರೆಯವರು ಹಾಗೆಯೇ ಮಾಡಿಬಿಡುತ್ತಾರೆ.

ನಾವು 2010ರಲ್ಲಿ ಊರಿನ ಶಾಲೆಯ ಮೇಷ್ಟರನ್ನು ಜೊತೆಗೆ ಹಾಕಿಕೊಂಡು, ಒಪ್ಪಿದ ಮನೆಗಳಲ್ಲಿ ಹಳೆಯ ಗುಂಡಿಯನ್ನು ಮುಚ್ಚಿಸಿ ಜೋಡಿಗುಂಡಿ ಮಾಡಿಸಿದೆವು. ಹೇಳಿದ್ದನ್ನು ಯಾರೂ ಪೂರ್ತಿ ನಂಬಲಿಲ್ಲ. 2015ರ ಬೇಸಿಗೆಯಲ್ಲಿ ಚಿಕ್ಕಮ್ಮನವರ ಮನೆಯ ಮೊದಲ ಗುಂಡಿ ಮುಚ್ಚಿ ಎರಡು ವರ್ಷವಾಗಿತ್ತು. ತೆರೆಯುವ ದಿನ ಊರಿನವರು ಹಿತ್ತಿಲಲ್ಲಿ ನೆರೆದರು. ಚಪ್ಪಡಿಯನ್ನು ಸರಿಸಿದ್ದಾಯಿತು. ಗುದ್ದಲಿ ಹಿಡಿಯುವವರಾರು? ಯಾರೋ ಒಬ್ಬರು, ಊರಾಚೆಯ ಕೇರಿಯಿಂದ ಆಳು ಕರೆಸೋಣವೇ ಎಂದರು. ಆ ಕ್ಷಣ ನಮಗೆ ಅಜ್ಜಿಯ ಮನೆಯ ಹಿಂದಿನ ಓಣಿ ನೆನಪಾಯಿತು. ಗುದ್ದಲಿಯನ್ನು ನಾವೇ ತೆಗೆದುಕೊಂಡೆವು, ಇನ್ನೊಂದನ್ನು ಮೇಷ್ಟರು. ನಿಜ ಹೇಳಬೇಕೆಂದರೆ, ಆಪರೇಷನ್ ಥಿಯೇಟರಿನಲ್ಲಿ ಎಂದೂ ನಡುಗದ ಕೈ ಅಂದು ನಡುಗಿತು. ಇಪ್ಪತ್ತು ವರ್ಷದ ವೈದ್ಯವೃತ್ತಿಯೂ ಹುಟ್ಟಿನಿಂದ ಬಂದ ಆ ಹೇಸಿಗೆಯನ್ನು ತೊಳೆದಿರಲಿಲ್ಲ.

ಮೇಲೆ ಬಂದದ್ದು ಕಪ್ಪು ಮಣ್ಣು. ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದೆವು. ಚಿಕ್ಕಮ್ಮ ಹತ್ತಿರ ಬಂದು ಮೂಸಿ ನೋಡಿ, "ಮಣ್ಣೇ ಅಲ್ವೇನೋ ಇದು!" ಎಂದರು. ಸ್ವಲ್ಪ ಹೊತ್ತಾದ ಮೇಲೆ, ಅದನ್ನು ವ್ಯರ್ಥ ಮಾಡದೆ ತೆಂಗಿನ ಸಸಿಯ ಬುಡಕ್ಕೆ ಹಾಕಿಸಿದರು. ಅಂದಿನಿಂದ ಆ ಊರಿನಲ್ಲಿ ನಾವು ಶೌಚಾಲಯದ ಮಹತ್ವವನ್ನು ಕುರಿತು ಉಪದೇಶ ಮಾಡಬೇಕಾಗಿ ಬಂದಿಲ್ಲ. ಎಲ್ಲರೂ ಬದಲಾದರೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದೆರಡು ಮನೆಯ ಹಿರಿಯರು ಇಂದಿಗೂ ಕೆರೆಯ ಕಡೆಗೇ ಹೋಗುತ್ತಾರೆ. ಆದರೆ ಅವರ ಮೊಮ್ಮಕ್ಕಳು ಹೋಗುವುದಿಲ್ಲ.

ದೇಶದ ಚಿತ್ರವೂ ಬದಲಾಗಿದೆ ಎಂಬುದನ್ನು ಸಂತೋಷದಿಂದ ಹೇಳಬೇಕು. 2011ರ ಜನಗಣತಿಯಲ್ಲಿ ಭಾರತದ ನೂರು ಮನೆಗಳಲ್ಲಿ ಸುಮಾರು 47ರಲ್ಲಿ ಮಾತ್ರ ಶೌಚಾಲಯವಿತ್ತು, ಕರ್ನಾಟಕದಲ್ಲಿ 51ರಲ್ಲಿ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಯೊಂದಕ್ಕೆ 12,000 ರೂಪಾಯಿ ಸಹಾಯಧನ ದೊರೆತು, ಐದು ವರ್ಷಗಳಲ್ಲಿ ಹಳ್ಳಿಗಳಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯಗಳಾದವೆಂದು ಸರ್ಕಾರದ ಲೆಕ್ಕ. ಯಾವ ಶೌಚಾಲಯವನ್ನೂ ಬಳಸದ ಮನೆಗಳು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡ 39 ಇದ್ದುವು. 2019-21ರಲ್ಲಿ ಶೇಕಡ 19ಕ್ಕೆ ಇಳಿದವು. ಇಷ್ಟು ಅಲ್ಪಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೂ ಉಳಿದ 19ನ್ನು ಮರೆಯುವಂತಿಲ್ಲ. ಕಟ್ಟಿಯೂ ಬಳಸದವರನ್ನು ಮರೆಯುವಂತಿಲ್ಲ. ಒಡಿಶಾದ ಪುರಿ ಜಿಲ್ಲೆಯ ನೂರು ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯೋಜನೆ ನಡೆದ ಹಳ್ಳಿಗಳಲ್ಲಿ ಶೌಚಾಲಯವುಳ್ಳ ಮನೆಗಳು ಶೇಕಡ 9ರಿಂದ 63ಕ್ಕೆ ಏರಿದರೂ ಮಕ್ಕಳ ಭೇದಿ ಕಡಿಮೆಯಾಗಲಿಲ್ಲ. ಲಸಿಕೆಯಂತೆ ಇದೂ ಸಮುದಾಯದ ಕೆಲಸ. ಅರ್ಧ ಊರು ಬಳಸಿ ಇನ್ನರ್ಧ ಊರು ಬಯಲಿಗೆ ಹೋದರೆ ನೊಣಕ್ಕೆ ಭೇದಭಾವವಿಲ್ಲ.

ಇನ್ನು ನಾವೆಲ್ಲ ಮಾಡಬಹುದಾದ್ದೇನು? ಉಪದೇಶವಲ್ಲ, ಅನುಭವದ ಅರಿಕೆಯೆಂದು ಭಾವಿಸಬೇಕು. ಊರಿಗೆ ಹಣ ಕಳುಹಿಸುವವರು ಗೋಡೆಯ ಬಣ್ಣವನ್ನು ಕೇಳುವ ಮೊದಲು ಗುಂಡಿ ಒಂದೋ ಎರಡೋ ಎಂದು ಕೇಳಿರಿ. ಅರ್ಧದಷ್ಟು ಹಣವನ್ನಾದರೂ ಕಟ್ಟಿದ ನಂತರದ ಮೂರು ವರ್ಷಗಳಿಗೆಂದು ಮೀಸಲಿಡಿ. ದಾರಿ ಬದಲಿಸುವುದನ್ನು ತೋರಿಸಲು ಊರಿನವರೇ ಒಬ್ಬರು ಬೇಕು. ಪುಟ್ಟ ಮಕ್ಕಳ ಮಲ ಅಪಾಯವಲ್ಲವೆಂಬ ನಂಬಿಕೆ ನಮ್ಮ ತಾಯಂದಿರಲ್ಲಿ ಗಟ್ಟಿಯಾಗಿದೆ. ಅದು ತಪ್ಪು, ಅದನ್ನೂ ಶೌಚಾಲಯಕ್ಕೇ ಹಾಕಬೇಕು, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಕಟ್ಟಿಸಿದ್ದನ್ನು ಒಳಗೆ ಇಣುಕಿ ನೋಡಿ. ನೆಲ ಒದ್ದೆಯಾಗಿ, ಬಕೆಟ್ಟಿನ ತಳ ಸವೆದಿದ್ದರೆ ನಿಮ್ಮ ಹಣ ಸಾರ್ಥಕವೆಂದು ತಿಳಿಯಿರಿ. ತೆಂಗಿನ ಮಟ್ಟೆ ಕಂಡರೆ ಕೋಪಿಸಿಕೊಳ್ಳದೆ ಜಗಲಿಯ ಮೇಲೆ ಕುಳಿತು, ಅಲ್ಲಿರುವ ಹಿರಿಯ ಹೆಂಗಸೊಬ್ಬರನ್ನು ಕಾರಣ ಕೇಳಿ. ಉತ್ತರ ಅವರಲ್ಲಿಯೇ ಇರುತ್ತದೆ.

ತಂದೆಯವರ ಹೆಸರಿನ ಆ ಕಲ್ಲುಗಳನ್ನು ನಾವು 2015ರಲ್ಲಿಯೇ ತೆಗೆಸಿದೆವು. ಬಳಸುವವರ ಮನೆಯದು ಅದು, ನಮ್ಮದಲ್ಲ.

ಕೈತೊಳೆದು ಊಟಕ್ಕೆ ಏಳೋಣ.